ದಿಬ್ಬ ಹತ್ತಿದ ಮೇಲೆ ಚೆಕ್ ಡ್ಯಾಮ್ ಮಾತು

ಜಲಾನಯನದ, ಅಂದರೆ ಮಳೆನೀರು ಒಂದೇ ಹಳ್ಳಕ್ಕೆ ಹರಿದು ಸೇರುವ ನೆಲದ, ಕ್ರಿಯಾಯೋಜನೆ ಬರೆಯುವ ದಿನ ಊರಿಗೆ ಕಾಲಿಟ್ಟ ಕೂಡಲೇ ಕೇಳುವ ಮಾತು ಒಂದೇ: "ಸಾರ್, ಹಳ್ಳಕ್ಕೊಂದು ಚೆಕ್ ಡ್ಯಾಮ್ ಹಾಕಿಸ್ಕೊಡಿ." ಹೊಸದುರ್ಗ ತಾಲ್ಲೂಕಿನ ವೇದಾವತಿ ಹೊಳೆಯ ಕಡೆಯ ಊರುಗಳಲ್ಲಿ ಹೀಗೆ ಕೇಳುವವರು ಹೆಚ್ಚಾಗಿ ಹಳ್ಳದ ದಂಡೆಯಲ್ಲಿ ತೆಂಗಿನ ತೋಟ, ಬೋರ್‌ವೆಲ್ ಇಟ್ಟುಕೊಂಡವರು. ಮೇಲಿನ ಮರಡಿ ಹೊಲದಲ್ಲಿ ಸಾವೆ, ರಾಗಿ ಬಿತ್ತುವವರು ಸಭೆಯಲ್ಲಿ ಹಿಂದೆ ನಿಂತಿರುತ್ತಾರೆ, ಇಲ್ಲವೇ ಅವತ್ತು ಕೂಲಿಗೆ ಹೋಗಿರುತ್ತಾರೆ. ಆದ್ದರಿಂದ ಆ ದಿನದ ಕೆಲಸವನ್ನು ಅರಳಿಕಟ್ಟೆಯ ಮೇಲೆ ಶುರು ಮಾಡಬಾರದು. ಬೆಳಿಗ್ಗೆ ಏಳಕ್ಕೆ ದಿಬ್ಬದ ನೆತ್ತಿಯಲ್ಲಿ ಸೇರಬೇಕು. ಮೇಲಿನ ಹೊಲದವರು ಇಬ್ಬರು, ನಡುವಿನವರು ಇಬ್ಬರು, ತೋಟದವರು ಇಬ್ಬರು, ಕುರಿ ಮೇಯಿಸುವವರು ಒಬ್ಬರು, ಕೆರೆಯ ನೀರು ಬಿಡುವ ನೀರಗಂಟಿ, ಜೊತೆಗೆ ಸಂಘದ ಹೆಂಗಸರು. ಇಷ್ಟು ಜನ ಬರದಿದ್ದರೆ ದಿನ ಮುಂದೂಡುವುದೇ ವಾಸಿ.

ಕೈಯಲ್ಲಿರಬೇಕಾದ್ದು ಸರ್ವೆ ನಂಬರ್ ಇರುವ ಗ್ರಾಮ ನಕ್ಷೆ, ಉಪಗ್ರಹ ಚಿತ್ರದ ಪ್ರತಿ, ಟೇಪು, ಗುದ್ದಲಿ, ಎರಡು ಕೋಲಿಗೆ ಪಾರದರ್ಶಕ ಪೈಪು ಕಟ್ಟಿದ ನೀರಿನ ಮಟ್ಟ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಕೆಡುತ್ತದೆ. ಆದ್ದರಿಂದ ನೀರು ತುಂಬಿ ಎರಡೂ ಕೋಲುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎರಡರಲ್ಲೂ ನೀರು ಒಂದೇ ಗೆರೆಗೆ ಬರುತ್ತದೆಯೇ ಎಂದು ನೋಡಿಯೇ ಹೊರಡಬೇಕು. ಉಪಗ್ರಹ ಚಿತ್ರ ಹಳ್ಳವನ್ನೂ ಹಸಿರನ್ನೂ ತೋರಿಸುತ್ತದೆ. ಯಾರ ಹೊಲದ ನೀರು ಯಾರ ಹೊಲಕ್ಕೆ ನುಗ್ಗುತ್ತದೆ ಎಂಬುದಕ್ಕೆ ಮಾತ್ರ ಜನರನ್ನೇ ಕೇಳಬೇಕು.

ದಿಬ್ಬದ ಮೇಲೆ ನಿಂತೇ ಒಂದು ಲೆಕ್ಕ ಹೇಳುವುದು ಒಳ್ಳೆಯದು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಕಣ್ಣಿಗೆ ಕಾಣುವ ಕಿರುಜಲಾನಯನ 500 ಹೆಕ್ಟೇರ್ ಎಂದುಕೊಂಡರೆ, 40 ಮಿ.ಮೀ.ನ ಒಂದು ಜೋರು ಮಳೆಗೆ ಬೀಳುವುದು 20 ಕೋಟಿ ಲೀಟರ್. ಅದರಲ್ಲಿ ಕಾಲು ಭಾಗ ಹರಿದರೂ 5 ಕೋಟಿ. ಹತ್ತು ಮೀಟರ್ ಅಗಲದ ಹಳ್ಳಕ್ಕೆ ಒಂದೂವರೆ ಮೀಟರ್ ಎತ್ತರದ ಚೆಕ್ ಡ್ಯಾಮ್ ಕಟ್ಟಿ, ನೀರು ನೂರು ಮೀಟರ್ ಹಿಂದಕ್ಕೆ ನಿಂತರೆ, ಹಿಂದಕ್ಕೆ ಹೋದಂತೆ ಆಳ ಕಡಿಮೆಯಾಗುವುದರಿಂದ, ಹಿಡಿಯುವುದು ಏಳೂವರೆ ಲಕ್ಷ ಲೀಟರ್. ಅಂದರೆ ಆ ಒಂದು ಮಳೆಗೆ ಅರವತ್ತಕ್ಕೂ ಹೆಚ್ಚು ಚೆಕ್ ಡ್ಯಾಮ್ ಬೇಕು! ತೋಟದವರು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಒಪ್ಪಿದ್ದಾರೆ ಎಂದು ತಿಳಿಯಬೇಡಿ, ಮಧ್ಯಾಹ್ನ ಮತ್ತೆ ಕೇಳುತ್ತಾರೆ.

ನೆತ್ತಿಯಲ್ಲಿರುವುದು ಸಾಮಾನ್ಯವಾಗಿ ಗೋಮಾಳ. ಅಲ್ಲಿ ಕಂದಕ ತೆಗೆದು ಗಿಡ ನೆಡುವುದನ್ನು ಕಾಗದದ ಮೇಲೆ ಯಾರು ಬೇಕಾದರೂ ಬರೆದಾರು. ಕುರಿಯವರನ್ನು ಕೇಳದೆ ಬರೆದರೆ ಗಿಡ ಒಂದು ಬೇಸಿಗೆಯನ್ನೂ ದಾಟುವುದಿಲ್ಲ, ಮತ್ತು ತಪ್ಪು ಕುರಿಯದಲ್ಲ. ಗೋಮಾಳವನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಎರಡು ಮಳೆಗಾಲ ಮುಚ್ಚಿ, ಉಳಿದೆರಡನ್ನು ಮೇವಿಗೆ ಬಿಡುವ ಒಪ್ಪಂದ ಆಗಬೇಕು. ಮುಚ್ಚಿದ ಪಾಲಿನಲ್ಲಿ ಸ್ಟೈಲೊ ಎಂಬ ಮೇವಿನ ಗಿಡದ ಬೀಜ ಚೆಲ್ಲಿ, ಮೇವನ್ನು ಕೊಯ್ದು ಒಯ್ಯುವ ಹಕ್ಕು ಮೊದಲು ಕುರಿಯವರಿಗೆ ಎಂದು ನಡಾವಳಿಯಲ್ಲಿ ಬರೆಸಬೇಕು. ಹೊಂಗೆ, ಬೇವು, ಸೀತಾಫಲ ನೆಟ್ಟರೆ ಕುರಿ ಬಾಯಿ ಹಾಕುವುದು ಕಡಿಮೆ.

ಅಲ್ಲಿಂದ ಕೆಳಗಿಳಿದರೆ ಹೊಲಗಳು. ದಿನದ ಅರ್ಧ ಹೊತ್ತು ಇಲ್ಲೇ ಹೋಗುತ್ತದೆ, ಹೋಗಲೂಬೇಕು. ಹತ್ತು ಮೀಟರ್ ದೂರದಲ್ಲಿ ಎರಡು ಕೋಲು ನಿಲ್ಲಿಸಿ ನೀರಿನ ಮಟ್ಟದಲ್ಲಿ 30 ಸೆಂ.ಮೀ. ವ್ಯತ್ಯಾಸ ಕಂಡರೆ ಇಳಿಜಾರು ಶೇ 3. ಇಂಥ ಕೆಂಪು ಮಣ್ಣಿನಲ್ಲಿ ಸುಮಾರು 30 ಮೀಟರಿಗೊಂದು ಬದು ಬೇಕಾಗುತ್ತದೆ. ಬುಡ ಒಂದೂವರೆ ಮೀಟರ್, ನೆತ್ತಿ 30 ಸೆಂ.ಮೀ., ಎತ್ತರ 60 ಸೆಂ.ಮೀ. ಇಟ್ಟರೆ ನೂರು ಮೀಟರ್ ಬದುವಿಗೆ 54 ಘನ ಮೀಟರ್ ಮಣ್ಣು. ಆ ಮಣ್ಣು ಬರಲು ಬದುವಿನ ಮೇಲ್ಗಡೆ ಹತ್ತಿರ ಹತ್ತಿರ 90 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಂದಕ ತೆಗೆಯಬೇಕು. ಕಂದಕಕ್ಕೂ ಬದುವಿಗೂ ನಡುವೆ 30 ಸೆಂ.ಮೀ. ಜಾಗ ಬಿಡದಿದ್ದರೆ ಮೊದಲ ಮಳೆಗೇ ಬದು ಜಾರಿ ಕಂದಕಕ್ಕೆ ಬೀಳುತ್ತದೆ. ಕಂದಕವನ್ನು ಒಂದೇ ಸಮನೆ ಉದ್ದಕ್ಕೆ ತೆಗೆದರೆ ಅದೇ ಕಾಲುವೆಯಾಗಿ ಹರಿಯುತ್ತದೆ; ಐದಾರು ಮೀಟರಿಗೊಮ್ಮೆ ಮಣ್ಣಿನ ಅಡ್ಡಗೋಡೆ ಉಳಿಸಬೇಕು.

ಈಗ ರೈತರ ಕಡೆಯ ಲೆಕ್ಕ. ಬದು, ನಡುವಿನ ಜಾಗ, ಕಂದಕ ಎಲ್ಲಾ ಸೇರಿ 2.7 ಮೀಟರ್ ಅಗಲ. 30 ಮೀಟರಿಗೊಂದರಂತೆ ಹಾಕಿದರೆ ಎಕರೆಗೆ ಮೂರೂವರೆ ಗುಂಟೆಗಿಂತ ಹೆಚ್ಚು ನೆಲ ಹೋಗುತ್ತದೆ. ಎರಡೆಕರೆ ಇರುವವರು "ನಮಗೆ ಬ್ಯಾಡ ಬಿಡಿ" ಎಂದರೆ ಅದು ಅಜ್ಞಾನವಲ್ಲ. ಬದುವಿನ ಮೇಲೆ ತೊಗರಿ, ಹರಳು, ಮೇವಿನ ಹುಲ್ಲು ಹಾಕುವುದು, ಮೂರ್ನಾಲ್ಕು ವರ್ಷಕ್ಕೆ ಹೂಳು ತುಂಬಿದ ಕಂದಕವನ್ನು ಮತ್ತೆ ಉಳುಮೆಗೆ ತಂದುಕೊಳ್ಳುವುದು, ಇದನ್ನೆಲ್ಲ ಅವರ ಹೊಲದಲ್ಲೇ ನಿಂತು ಹೆಜ್ಜೆ ಹಾಕಿ ತೋರಿಸಬೇಕು.

ಇನ್ನೊಂದು ತೊಡಕು ಪಾಲಿನದು. ಬದು ಸಮಪಾತಳಿಯಲ್ಲಿ, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಎತ್ತರದ ಗೆರೆಯಲ್ಲಿ ಹೋಗಬೇಕು, ಆದರೆ ಅಣ್ಣತಮ್ಮಂದಿರ ಪಾಲು ಮೇಲಿಂದ ಕೆಳಕ್ಕೆ ಉದ್ದುದ್ದ ಪಟ್ಟಿಯಾಗಿರುತ್ತದೆ. ನಾಲ್ಕು ಪಟ್ಟಿ ದಾಟುವ ಬದುವಿಗೆ ನಡುವೆ ಒಬ್ಬರು ಒಪ್ಪದಿದ್ದರೆ ಅಷ್ಟು ಜಾಗ ಬಾಯಿ ತೆರೆದುಕೊಂಡಿರುತ್ತದೆ, ಮೇಲಿನ ನೀರೆಲ್ಲ ಅಲ್ಲೇ ನುಗ್ಗಿ ಅವರ ಹೊಲವನ್ನೇ ಕೊರೆಯುತ್ತದೆ. ಆಗ ಅರ್ಧ ಬದುವಿಗಿಂತ ಬದು ಇಲ್ಲದಿರುವುದೇ ಮೇಲು. ನಾಲ್ವರೂ ಒಪ್ಪುವವರೆಗೆ ಆ ತುಂಡನ್ನು ಯೋಜನೆಯಿಂದ ಕೈಬಿಡಬೇಕು. ಗುರಿ ಮುಟ್ಟಿಸುವ ಅವಸರದಲ್ಲಿ ಬರೀ ಅಂಚುಗಳಿಗೆ ಬದು ಹಾಕಿ ಕೈತೊಳೆದುಕೊಳ್ಳುವುದೇ ಹೆಚ್ಚು. ಇಳಿಜಾರಿನ ಗುಂಟ ಹಾಕಿದ ಅಂಚು ಬದುವಿನ ಪಕ್ಕದಲ್ಲಿ ಎರಡು ವರ್ಷಕ್ಕೆ ಕೊರಕಲು ಎದ್ದಿರುತ್ತದೆ. ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿದ ಕೋಡಿ ನೆಲದಿಂದ ಒಂದಡಿ ಎತ್ತರದಲ್ಲಿರಲಿ, ಆ ನೀರು ಯಾರ ಹೊಲಕ್ಕೆ ಇಳಿಯುತ್ತದೋ ಅವರ ಎದುರಿಗೇ ಜಾಗ ಗುರುತಾಗಲಿ.

ಕೊರಕಲುಗಳಿಗೆ ಅಲ್ಲಿಯದೇ ಕಲ್ಲಿನ ತಡೆ ಸಾಕು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು: ಶೇ 5ರ ಇಳಿಜಾರಿನಲ್ಲಿ ಒಂದು ಮೀಟರ್ ಎತ್ತರದ ತಡೆಗಳಿಗೆ 20 ಮೀಟರ್ ಅಂತರ. ನಡುಭಾಗ ತಗ್ಗಾಗಿರಬೇಕು, ಎರಡೂ ತುದಿಗಳು ದಂಡೆಯೊಳಗೆ ಅರ್ಧ ಮೀಟರ್ ಹೊಕ್ಕಿರಬೇಕು. ನಡುವೆ ಎತ್ತರ ಮಾಡಿದ ತಡೆಯನ್ನು ನೀರು ಪಕ್ಕದಿಂದ ಬಳಸಿ ಹೋಗಿ ದಂಡೆಯನ್ನೇ ತಿಂದುಹಾಕುತ್ತದೆ. ನೋಡಲು ಚೆಂದ ಕಾಣಲಿ ಎಂದು ಮಾಡುವ ತಪ್ಪು ಇದು.

ಹಳ್ಳ ತಲುಪುವಾಗ ಮಧ್ಯಾಹ್ನ. ಚೆಕ್ ಡ್ಯಾಮ್ ಮಾತು ಈಗ ಬರಲಿ. ಹೋದ ಮಳೆಗಾಲದ ಕಸಕಡ್ಡಿ ಯಾವ ಗಿಡದ ಯಾವ ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿದರೆ ಪ್ರವಾಹದ ಮಟ್ಟ ಗೊತ್ತಾಗುತ್ತದೆ. ಕವಲು ಹಳ್ಳಕ್ಕೆ 40 ಹೆಕ್ಟೇರಿನ ನೀರು ಬರುವುದಾದರೆ, ಗಂಟೆಗೆ 75 ಮಿ.ಮೀ. ರಭಸದ ಮಳೆಯಲ್ಲಿ ಶೇ 30 ಹರಿದರೂ ಸೆಕೆಂಡಿಗೆ 2.5 ಘನ ಮೀಟರ್. ಅದು ಕೋಡಿಯ ಮೇಲೆ 60 ಸೆಂ.ಮೀ. ದಪ್ಪಕ್ಕೆ ಹರಿದುಹೋಗಲು ಕನಿಷ್ಠ 3.2 ಮೀಟರ್ ಉದ್ದದ ಕೋಡಿ ಬೇಕು. ಕೋಡಿ ಚಿಕ್ಕದಾದರೆ ನೀರು ಪಕ್ಕದ ಗೋಡೆಯನ್ನು ಸುತ್ತಿಕೊಂಡು ಹೋಗುತ್ತದೆ. ಚೆಕ್ ಡ್ಯಾಮ್ ಒಣ ನೆಲದಲ್ಲಿ ನಿಂತಿದ್ದು ಹಳ್ಳ ಬೇರೆ ಕಡೆ ಹರಿಯುವ ದೃಶ್ಯ ನಮ್ಮ ಕಡೆ ಅಪರೂಪವೇನಲ್ಲ.

ಜಾಗ ಗೊತ್ತುಮಾಡುವ ಮೊದಲು ಕೆಳಗಿನ ಊರಿನ ನೀರಗಂಟಿಯನ್ನೂ ಕರೆಸಿ, ಅವರ ಕೆರೆ ಯಾವ್ಯಾವ ವರ್ಷ ಕೋಡಿ ಬಿದ್ದಿತ್ತು ಎಂದು ಕೇಳಬೇಕು. ಈ ನೀರೆಲ್ಲ ಕೊನೆಗೆ ಸೇರುವ ಮಾರಿಕಣಿವೆ (ವಾಣಿವಿಲಾಸ ಸಾಗರ) 1907ರಲ್ಲಿ ಕಟ್ಟಿ ಮುಗಿದ 30 ಟಿಎಂಸಿ ಜಲಾಶಯ. 1933ರ ನಂತರ ಅದು ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟು ವರ್ಷ ಕೋಡಿ ಬೀಳದ್ದಕ್ಕೆ ಮಳೆಯ ಕೊರತೆಯೊಂದೇ ಕಾರಣವೆಂದು ಹೇಳುವುದು ಸುಲಭ. ಮೇಲೆ ತಡೆದ ಪ್ರತಿ ಲೀಟರೂ ಕೆಳಗಿನವರ ಲೆಕ್ಕದಿಂದ ಕಳೆಯುತ್ತದೆ ಎಂಬುದು ಯೋಜನೆಯ ಕಡತದಲ್ಲಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಊಟದ ನಂತರ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ನಕ್ಷೆ ಬರೆದು, ಸರ್ವೆ ನಂಬರ್‌ವಾರು ಕೆಲಸವನ್ನು ಪುಸ್ತಕಕ್ಕೆ ಏರಿಸುವುದು. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿರುವುದು ಇಲ್ಲಿ ಹೊರಬೀಳುತ್ತದೆ. ಉಳುವವರ ಸಹಿ ಜೊತೆ ಉಳಿದ ವಾರಸುದಾರರ ಒಪ್ಪಿಗೆಯನ್ನೂ ಪಡೆಯದಿದ್ದರೆ ಜೆಸಿಬಿ ಬಂದ ದಿನ ಜಗಳ ಖಂಡಿತ. ಕೆಲಸದ ಖರ್ಚಿನಲ್ಲಿ ರೈತರು ಕೊಡಬೇಕಾದ ವಂತಿಕೆಯನ್ನೂ ಅಂದೇ ಎಲ್ಲರೆದುರು ಓದಿ ಹೇಳಬೇಕು. ಜಲಾನಯನ ಯೋಜನೆಗಳ 2008ರ ಕೇಂದ್ರ ಮಾರ್ಗಸೂಚಿಯಲ್ಲಿ ಅದು ಖಾಸಗಿ ಜಮೀನಿನ ಕೆಲಸಕ್ಕೆ ಶೇ 10, ಪರಿಶಿಷ್ಟರಿಗೆ ಮತ್ತು ಸಣ್ಣ, ಅತಿಸಣ್ಣ ರೈತರಿಗೆ ಶೇ 5 ಇತ್ತು. ವಂತಿಕೆಯನ್ನು ಕೂಲಿಯಲ್ಲಿ ಮುರಿದುಕೊಂಡರೆ ಹೊಲ ಇಲ್ಲದ ಕೂಲಿಯವರೇ ಹೊಲದವರ ವಂತಿಕೆ ಕಟ್ಟಿದಂತಾಗುತ್ತದೆ. ಅದೇ ಮಾರ್ಗಸೂಚಿ ಹೆಕ್ಟೇರಿಗೆ 12,000 ರೂಪಾಯಿ ಇಟ್ಟು, ಯೋಜನಾ ವರದಿಗೆ ಕೊಟ್ಟದ್ದು ಅದರ ಶೇ 1. ಅಂದರೆ 500 ಹೆಕ್ಟೇರಿಗೆ 60,000. ಒಂದು ಊರಿನ ವರದಿಯನ್ನೇ ಇನ್ನೊಂದು ಊರಿಗೆ ನಕಲು ಮಾಡುವ ಚಾಳಿ ಇಷ್ಟು ಹಣದಲ್ಲೇ ಹುಟ್ಟಿದ್ದು.

ಬೋರ್‌ವೆಲ್ ಮಾತು ಎತ್ತಿದರೆ ಸಭೆ ಒಡೆಯುತ್ತದೆಂದು ಅದನ್ನು ಬಿಟ್ಟುಬಿಡುವುದೇ ರೂಢಿ. ಚೆಕ್ ಡ್ಯಾಮಿನ ಮೇಲೆ ಕೆಳಗೆ ನಾಲ್ಕು ಹೊಸ ಬೋರ್ ಬಿದ್ದು, ರಾಗಿ ಹೊಲ ಅಡಿಕೆ ತೋಟವಾದರೆ ಇಂಗಿದ ನೀರು ಮೂರೇ ವರ್ಷದಲ್ಲಿ ಮುಗಿಯುತ್ತದೆ. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ನೀರಾವರಿಗೆ ಬೋರ್ ಬಳಸುವುದನ್ನೂ ಕಬ್ಬು, ಬಾಳೆಯಂಥ ಬೆಳೆಗಳನ್ನೂ ಗ್ರಾಮಸಭೆಯೇ ನಿಲ್ಲಿಸಿತು. ಅಷ್ಟು ಆಗದಿದ್ದರೂ, ಚೆಕ್ ಡ್ಯಾಮಿನ ಹತ್ತಿರ ಹೊಸ ಬೋರ್ ಕೊರೆಯುವುದಿಲ್ಲವೆಂದು ತೋಟದವರು ಸಹಿ ಹಾಕಿದ ಮೇಲೆಯೇ ಆ ಕಾಮಗಾರಿಯನ್ನು ಪಟ್ಟಿಗೆ ಸೇರಿಸಬೇಕು. ಬೆಳಿಗ್ಗೆಯಿಂದ ಚೆಕ್ ಡ್ಯಾಮ್ ಕೇಳಿದವರಲ್ಲಿ ಅರ್ಧಕ್ಕರ್ಧ ಜನ ಈ ಸಹಿಗೆ ಹಿಂದೆ ಸರಿಯುತ್ತಾರೆ. ಅವರ ಭಾಗದ ಹಣವನ್ನು ಮೇಲಿನ ಬದುಗಳಿಗೆ ಬರೆಯಿರಿ.