ಕೊನೆಯ ಬೆಂಚಿನಿಂದ ಕಂಡ ಕಟ್ಟಡ

ನಮ್ಮ ಪ್ರೌಢಶಾಲೆಗೆ ಹೊಸದೊಂದು ಕಟ್ಟಡ ಸೇರಿಸುವ ಮಾತುಕತೆ ನಡೆದಿದ್ದಾಗ, ನಕ್ಷೆ ಸಿದ್ಧಪಡಿಸಲು ಬಂದ ವಾಸ್ತುಶಿಲ್ಪಿಯವರು ಶಿಕ್ಷಕರ ಮುಂದೆ ಒಂದು ಕೋರಿಕೆಯಿಟ್ಟರು: ಯಾರಾದರೊಬ್ಬರು ಪಾಠ ಬಿಟ್ಟು, ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಒಂಬತ್ತನೆಯ ತರಗತಿಯ ಮಕ್ಕಳು ಕೂತಲ್ಲಿ ಕೂತು, ಹೋದಲ್ಲಿ ಹೋಗಿ, ಕಂಡದ್ದನ್ನು ಬರೆದುಕೊಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಕೊನೆಯ ಬೆಂಚಿನಲ್ಲಿ ಕೂತವನಿಗೆ ಮೊದಲು ತಿಳಿದದ್ದು ಸದ್ದಿನ ಸಂಗತಿ. ಮೇಷ್ಟ್ರ ದನಿಯೇನೋ ಗಟ್ಟಿಯಾಗಿಯೇ ಇತ್ತು. ಆದರೆ ಬರಿಯ ಗೋಡೆ, ಬರಿಯ ನೆಲ, ಎತ್ತರದ ಚಾವಣಿಗೆ ತಾಗಿ ಮರಳುತ್ತಿದ್ದ ಒಂದು ಪದದ ಬಾಲ ಮುಂದಿನ ಪದದ ತಲೆಯನ್ನು ಮುಚ್ಚಿ, ವ್ಯಂಜನಗಳೆಲ್ಲ ಕರಗಿ ಸ್ವರಗಳಷ್ಟೇ ನನ್ನವರೆಗೆ ಬರುತ್ತಿದ್ದವು. ಸಾಧಾರಣ ಗಾತ್ರದ ಖಾಲಿ ತರಗತಿಯಲ್ಲಿ ಸದ್ದು ಅಡಗಲು 0.6 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂದು ಅಮೆರಿಕದ ಮಾನದಂಡವೊಂದು 2002ರಲ್ಲಿಯೇ ಹೇಳಿದೆ. ಸದ್ದನ್ನು ಹೀರುವ ಹಲಗೆಗಳನ್ನು ಚಾವಣಿಗೆ ಹೊಂದಿಸಿದರೆ ಸಾಕಷ್ಟು ಸುಧಾರಿಸುವ ಈ ತೊಂದರೆಗೆ, ಗಮನವಿಲ್ಲವೆಂದು ಬೈಸಿಕೊಳ್ಳುವವರು ಮಾತ್ರ ಹಿಂದೆ ಕೂತ ಹುಡುಗರು.

ಮಧ್ಯಾಹ್ನದ ತರಗತಿ ಪಶ್ಚಿಮಕ್ಕೆ ದೊಡ್ಡ ಗಾಜಿರುವ ಕೊಠಡಿಯಲ್ಲಿತ್ತು. ಬಿಸಿಲು ಹಲಗೆಯ ಮೇಲೆ ಬಿದ್ದು ಬರಹ ಕಾಣದಾಗಿ, ಪರದೆ ಎಳೆದು ದೀಪ ಹಚ್ಚಬೇಕಾಯಿತು. ಇಂಗ್ಲೆಂಡಿನ ಹನ್‌ಸ್ಟಾಂಟನ್‌ನಲ್ಲಿ ಸ್ಮಿತ್‌ಸನ್ ದಂಪತಿ ಉಕ್ಕು ಮತ್ತು ಗಾಜಿನಲ್ಲಿ ಕಟ್ಟಿದ, 1954ರಲ್ಲಿ ಪೂರ್ಣಗೊಂಡ ಶಾಲೆ ವಾಸ್ತುಶಿಲ್ಪಿಗಳ ವಲಯದಲ್ಲಿ ಬಹಳ ಹೆಸರು ಮಾಡಿತಾದರೂ, ಒಳಗಿದ್ದ ಮಕ್ಕಳು ಬೇಸಿಗೆಯಲ್ಲಿ ಬೆಂದು ಚಳಿಗಾಲದಲ್ಲಿ ನಡುಗಿದರೆಂಬುದು ನೆನಪಾಯಿತು.

ಆದರೆ ಪಾಠದ ಕೊಠಡಿಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅವುಗಳ ನಡುವಿನ ಜಾಗ. ಗಂಟೆ ಹೊಡೆದೊಡನೆ ಎಲ್ಲ ತರಗತಿಗಳೂ ಒಂದೇ ಕಿರಿದಾದ ಪಡಸಾಲೆಗೆ, ಅಲ್ಲಿಂದ ಒಂದೇ ಮೆಟ್ಟಿಲಿಗೆ ನುಗ್ಗುತ್ತವೆ. ಇಬ್ಬರು ಗೆಳತಿಯರು ನೆಮ್ಮದಿಯಾಗಿ ಕೂತು ಮಾತಾಡಲು ಅಗಲವಾದ ಕಿಟಕಿಕಟ್ಟೆಯೊಂದನ್ನು ಬಿಟ್ಟರೆ ಬೇರೆ ಎಡೆಯಿಲ್ಲ. ಶೌಚಾಲಯದ ಬಾಗಿಲು ನೇರವಾಗಿ ಆ ಜನಸಂದಣಿಯೊಳಕ್ಕೇ ತೆರೆಯುವುದರಿಂದ, ಮನೆಗೆ ಹೋಗುವವರೆಗೂ ತಾನು ನೀರು ಕುಡಿಯುವುದಿಲ್ಲವೆಂದು ಹುಡುಗಿಯೊಬ್ಬಳು ತೀರ ಸಹಜವೆಂಬಂತೆ ಹೇಳಿದಳು.

ವಾಸ್ತುಶಿಲ್ಪಿಯವರು ನನ್ನ ಬರಹವನ್ನು ಓದಿ, ಜರ್ಮನಿಯ ಲ್ಯೂನೆನ್‌ನಲ್ಲಿ ಹಾನ್ಸ್ ಶರೂನ್ 1956ರಿಂದ 1962ರ ನಡುವೆ ಕಟ್ಟಿದ ಶಾಲೆಯ ನಕ್ಷೆಯನ್ನು ತೋರಿಸಿದರು. ಅಲ್ಲಿ ತರಗತಿಯೆಂದರೆ ಒಂದು ಪುಟ್ಟ ಮನೆ: ಮುಖ್ಯ ಕೊಠಡಿ, ಗುಂಪಾಗಿ ಕೆಲಸ ಮಾಡಲು ಪಕ್ಕದಲ್ಲೊಂದು ಕೋಣೆ, ಕೋಟು ತೂಗುಹಾಕುವ ಜಾಗ, ಹೊರಗೆ ತನ್ನದೇ ಅಂಗಳ. ನಮ್ಮಲ್ಲಿ ಅಷ್ಟು ನೆಲವಿಲ್ಲ. ಆದರೂ ತಿದ್ದಿದ ನಕ್ಷೆಯಲ್ಲಿ ಎರಡನೆಯ ಮೆಟ್ಟಿಲು ಬಂತು, ಶೌಚಾಲಯದ ಬಾಗಿಲು ಮರೆಯಾಯಿತು, ಚಾವಣಿಗೆ ಹಲಗೆಗಳೂ ಸೇರಿದವು.

ಪಡಸಾಲೆಯ ಅಂಚಿನ ಕೂರುಕಟ್ಟೆಗಳಿಗೆ ಮಾತ್ರ ಆಡಳಿತ ಮಂಡಳಿ ಒಪ್ಪಲಿಲ್ಲ. ಮಕ್ಕಳು ಗುಂಪುಗೂಡುತ್ತಾರೆಂಬುದು ಅವರ ಭಯ. ಗುಂಪುಗೂಡಲೆಂದೇ ಅವು ಬೇಕೆಂದು ವಾದಿಸಿದೆ. ಕೊನೆಗೆ ಅವನ್ನು ಶಿಕ್ಷಕರ ಕೊಠಡಿಯ ಎದುರಿಗೇ ಕಟ್ಟುವುದೆಂದು ತೀರ್ಮಾನವಾಯಿತು. ಹದಿನಾಲ್ಕು ವರ್ಷದವರು ಅಲ್ಲಿ ಹೋಗಿ ಕೂರುತ್ತಾರೆಂದು ನನಗಂತೂ ಅನಿಸುವುದಿಲ್ಲ.