ಕೌಂಟರ್ 4 ಈಗ ನಮ್ಮ ಮನೆಯ ಸರ್ವರ್

ಪೆಟ್ಟಿಗೆಯ ತಳದಲ್ಲಿ ಅರ್ಧ ಕಿತ್ತುಹೋದ ಒಂದು ಚೀಟಿ ಇತ್ತು. ಅದರ ಮೇಲೆ ಪೆನ್ನಿನಲ್ಲಿ ‘ಕೌಂಟರ್ 4’ ಅಂತ ಬರೆದಿತ್ತು. ಯಾವುದೋ ಆಫೀಸಿನಲ್ಲಿ ಜನ ಸಾಲಾಗಿ ನಿಂತಿದ್ದಾಗ ಗಾಜಿನ ಆಚೆ ಕೂತವರ ಪರದೆಯ ಹಿಂದೆ ಇದ್ದ ಪೆಟ್ಟಿಗೆ ಅದು. ಒರೆಸಿ ಚೊಕ್ಕ ಮಾಡಿದೆ, ಆದರೆ ಆ ಚೀಟಿ ಮಾತ್ರ ಕೀಳಲಿಲ್ಲ. ನೆಟ್‌ವರ್ಕ್‌ನಲ್ಲೂ ಅದಕ್ಕೆ ಅದೇ ಹೆಸರು ಇಟ್ಟೆ.

ಇದು ಡೆಲ್ ವೈಸ್ 5070, 2018ರಲ್ಲಿ ಬಂದ ಥಿನ್ ಕ್ಲೈಂಟ್. ಥಿನ್ ಕ್ಲೈಂಟ್ ಅಂದರೆ ತನ್ನದು ಅಂತ ಹೆಚ್ಚೇನೂ ಇಲ್ಲದ ಕಂಪ್ಯೂಟರ್. ಕೀಬೋರ್ಡು, ಮೌಸು, ಪರದೆ ಇಲ್ಲಿರುತ್ತವೆ. ಕೆಲಸ ನಡೆಯುವುದು ಮಾತ್ರ ಎಲ್ಲೋ ಇರುವ ದೊಡ್ಡ ಸರ್ವರಿನಲ್ಲಿ. ಅಲ್ಲಿಂದ ಬಂದ ಚಿತ್ರವನ್ನು ಈ ಪೆಟ್ಟಿಗೆ ಪರದೆಗೆ ತೋರಿಸುತ್ತದೆ, ಅಷ್ಟೇ. ವೈಸ್ ಕಂಪನಿ ಶುರುವಾಗಿದ್ದು 1981ರಲ್ಲಿ, ಟರ್ಮಿನಲ್‌ಗಳ ಕಾಲದಲ್ಲಿ. 2012ರಲ್ಲಿ ಡೆಲ್ ಅದನ್ನು ಕೊಂಡುಕೊಂಡಿತು. ಆಫೀಸುಗಳು ಇಂಥವನ್ನು ಒಟ್ಟಿಗೆ ಕೊಳ್ಳುತ್ತವೆ, ಒಟ್ಟಿಗೆ ಬಿಸಾಕುತ್ತವೆ. ಹಾಗಾಗಿ ಹಳೆ ಮಾಲಿನಲ್ಲಿ ಇವು ಸುಲಭವಾಗಿ ಸಿಗುತ್ತವೆ. ಎಷ್ಟೋ ವರ್ಷ ಚಾಲೂ ಇದ್ದರೂ ಮೈಮುರಿದು ದುಡಿದಿರುವುದಿಲ್ಲ.

ನನಗೆ ಸರ್ವರ್, ಅಂದರೆ ಮನೆಯಲ್ಲೇ ಸದಾ ಚಾಲೂ ಇದ್ದು ಫೈಲುಗಳನ್ನು ಕಾಯುವ ಕಂಪ್ಯೂಟರ್, ಬೇಕಾಗಿದ್ದು ಅಮ್ಮನ ಹಾಡುಗಳಿಗಾಗಿ. ಅಮ್ಮ ಫೋನ್ ಎದುರಿಗಿಟ್ಟುಕೊಂಡು ಹಾಡಿ ರೆಕಾರ್ಡ್ ಮಾಡುತ್ತಾಳೆ. ಯಾರಿಗೂ ಕಳಿಸುವುದಿಲ್ಲ. ಆಮೇಲೆ ತಾನೇ ಕೇಳಿ ಎಲ್ಲಿ ತಪ್ಪಾಯ್ತು ಅಂತ ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಅವಳ ಫೋನ್ ಒಮ್ಮೆಗೇ ಸತ್ತುಹೋಯಿತು. ಒಂದಿಷ್ಟು ಹಾಡು ಹೇಗೋ ಸಿಕ್ಕಿತು, ಒಂದಿಷ್ಟು ಹೋಯಿತು. ಅವಳು ‘ಹೋಗ್ಲಿ ಬಿಡು’ ಅಂದಳು. ನನಗೆ ಬಿಡಲಾಗಲಿಲ್ಲ.

ಮೊದಲು ಮೂಲೆಯಲ್ಲಿದ್ದ ಹಳೆ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದ್ದೆ. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದರೆ ಸುಮ್ನೆ ಇದ್ದಾಗಲೂ 55 ವ್ಯಾಟ್ ಎಳೆಯುತ್ತಿತ್ತು. ವರ್ಷವಿಡೀ ಹಾಗೇ ಬಿಟ್ಟರೆ 482 ಯೂನಿಟ್. ಕೌಂಟರ್ 4 ಸುಮ್ನೆ ಇದ್ದಾಗ 5 ವ್ಯಾಟ್. ಹೊರಗಿನ ಡಿಸ್ಕ್ ತಿರುಗುತ್ತಿದ್ದರೆ ಏಳರ ಹತ್ತಿರ ಹೋಗುತ್ತದೆ. ಏಳೇ ಅಂತ ಹಿಡಿದರೂ ವರ್ಷಕ್ಕೆ 61 ಯೂನಿಟ್. ಫ್ಯಾನ್ ಬೇರೆ ಇಲ್ಲ. ಒಳಗೆ ಬಿಸಿ ಎಳೆದುಕೊಳ್ಳುವ ಒಂದು ದೊಡ್ಡ ಲೋಹದ ಹೀಟ್‌ಸಿಂಕ್ ಮಾತ್ರ. ಮಲಗುವ ಕೋಣೆಯಲ್ಲೇ ಇಟ್ಟಿದ್ದೇನೆ, ಸದ್ದೇ ಇಲ್ಲ.

ಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದಿದೆ: ಬಯಾಸ್ ಪಾಸ್‌ವರ್ಡ್. ಬಯಾಸ್ ಅಂದರೆ ಕಂಪ್ಯೂಟರ್ ಎದ್ದ ಕೂಡಲೇ ಮೊದಲು ಓಡುವ, ಅದರ ಮೂಲ ಸೆಟ್ಟಿಂಗ್‌ಗಳಿರುವ ಸಾಫ್ಟ್‌ವೇರ್. ವೈಸ್ ಪೆಟ್ಟಿಗೆಗಳು ಕಾರ್ಖಾನೆಯಿಂದಲೇ ಪಾಸ್‌ವರ್ಡ್ ಹಾಕಿಕೊಂಡು ಬರುತ್ತವೆ. ಅದು ‘ಫೈರ್‌ಪೋರ್ಟ್’, ಇಂಗ್ಲಿಷಿನಲ್ಲಿ ಮೊದಲ ಅಕ್ಷರ ದೊಡ್ಡದು. ಹಿಂದಿನ ಆಫೀಸಿನವರು ಅದನ್ನು ಬದಲಾಯಿಸಿದ್ದರೆ ಬಯಾಸ್ ಒಳಗೆ ಹೋಗುವುದೇ ಒಂದು ತಲೆನೋವು. ನನ್ನದರಲ್ಲಿ ಅದೃಷ್ಟಕ್ಕೆ ಹಳೆಯದೇ ನಡೆಯಿತು. ಪವರ್ ಅಡಾಪ್ಟರ್ ಜೊತೆಗೆ ಬರುತ್ತದಾ ಅಂತಲೂ ಕೇಳಿ. ಇದಕ್ಕೆ 19.5 ವೋಲ್ಟ್ ಬೇಕು. ರೂಟರಿಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಆಗುವುದಿಲ್ಲ. ಇನ್ನೊಂದು, ಎಚ್‌ಡಿಎಂಐ ಕಿಂಡಿ ಇಲ್ಲ, ಇರುವುದು ಡಿಸ್‌ಪ್ಲೇಪೋರ್ಟ್. ಮೊದಲ ದಿನಕ್ಕಾದರೂ ಪರದೆ ಜೋಡಿಸಬೇಕಲ್ವಾ, ಅದಕ್ಕೊಂದು ಕನ್ವರ್ಟರ್ ಹೊಂದಿಸಿಕೊಳ್ಳಿ.

ಬಿಚ್ಚುವುದು ಸುಲಭ. ಪಕ್ಕದ ಮುಚ್ಚಳ ಜಾರಿಸಿದರೆ ಎಲ್ಲ ಕಣ್ಣೆದುರಿಗೇ ಇದೆ. ನನ್ನದರಲ್ಲಿ ಇದ್ದದ್ದು ನಾಲ್ಕು ಕೋರಿನ ಸೆಲೆರಾನ್ ಜೆ4105, 4 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸೆದ 16 ಜಿಬಿ ಸ್ಟೋರೇಜ್. ರ‍್ಯಾಮಿಗೆ ಎರಡು ಸ್ಲಾಟ್ ಇವೆ, ಲ್ಯಾಪ್‌ಟಾಪಿನ ಡಿಡಿಆರ್4 ಕೂರುತ್ತದೆ. ಇನ್ನೊಂದು 4 ಜಿಬಿ ಹಾಕಿ ಎಂಟು ಮಾಡಿದೆ. ಇಂಟೆಲ್ ಈ ಪ್ರೊಸೆಸರಿಗೆ ಹೇಳುವ ಮಿತಿಯೂ ಎಂಟೇ.

ಎಸ್‌ಎಸ್‌ಡಿ ಕೊಳ್ಳುವಾಗ ಮಾತ್ರ ಎಚ್ಚರ. ಒಳಗೆ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದೆ, ಆದರೆ ಅದು ಸಾಟಾ ಬಗೆಯದಕ್ಕೆ ಮಾತ್ರ. ಎನ್‌ವಿಎಂಇ ಅನ್ನುವ ಇನ್ನೊಂದು ಬಗೆ ನಡೆಯುವುದಿಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸಾಟಾ ಬಗೆಯದರ ಚಿನ್ನದ ಬಣ್ಣದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ಎನ್‌ವಿಎಂಇ ಬಗೆಯದರಲ್ಲಿ ಹೆಚ್ಚಾಗಿ ಒಂದೇ. ನಾನು 256 ಜಿಬಿಯ ಸಾಟಾ ಹಾಕಿದೆ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಾಫ್ಟ್‌ವೇರಿನ ಕಥೆ ಸಣ್ಣದು. ಡೆಬಿಯನ್ 13 ಅನ್ನುವ ಲಿನಕ್ಸ್ ಹಾಕಿದೆ, 2025ರ ಆಗಸ್ಟಿನಲ್ಲಿ ಬಂದದ್ದು. ಡೆಸ್ಕ್‌ಟಾಪ್ ಬೇಡ ಅಂತ ಟಿಕ್ ತೆಗೆದು, ಬೇರೆ ಕಂಪ್ಯೂಟರಿನಿಂದ ಕಮಾಂಡ್ ಕೊಡಲು ಎಸ್‌ಎಸ್‌ಎಚ್ ಒಂದನ್ನೇ ಇಟ್ಟುಕೊಂಡೆ. ಮೇಲೆ ಡಾಕರ್, ಒಂದೊಂದು ಆಪನ್ನೂ ಅದರದೇ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಸಾಫ್ಟ್‌ವೇರ್. ಫೋಟೋಗಳಿಗೆ ಇಮ್ಮಿಚ್. ಮೊದಲ ಸಲ ಹಳೆ ಫೋಟೋಗಳನ್ನೆಲ್ಲ ತುಂಬಿದಾಗ ಮುಖ ಗುರುತಿಸುವ ಕೆಲಸ ಮೂರು ರಾತ್ರಿ ನಡೆಯಿತು, ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿತ್ತು. ಆಮೇಲೆ ದಿನಕ್ಕೆ ನಾಲ್ಕಾರು ಫೋಟೋ ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ವಿಡಿಯೋಗೆ ಜೆಲ್ಲಿಫಿನ್. ಈ ಸಣ್ಣ ಪ್ರೊಸೆಸರಿನಲ್ಲೇ, ಒತ್ತಿಟ್ಟ ವಿಡಿಯೋವನ್ನು ಬಿಡಿಸುವ ಇಂಟೆಲ್ ಗ್ರಾಫಿಕ್ಸ್ ಭಾಗ ಇದೆ. ಎಚ್.264, ಎಚ್‌ಇವಿಸಿ ಅನ್ನುವ ಎರಡು ವಿಡಿಯೋ ಬಗೆಗಳನ್ನೂ ಅದು ಸಲೀಸಾಗಿ ನೋಡಿಕೊಳ್ಳುತ್ತದೆ. ಎವಿ1 ಮಾತ್ರ ಇದರ ಕೈಲಾಗುವುದಿಲ್ಲ. ಕಂಟೇನರ್ ಒಳಗಿಂದ ಆ ಗ್ರಾಫಿಕ್ಸ್ ಸಾಧನ ಕಾಣುವ ಹಾಗೆ ಮಾಡುವುದನ್ನು ಮರೆತರೆ ನಾಲ್ಕೂ ಕೋರ್ ಏದುಸಿರು ಬಿಡುತ್ತವೆ.

ಅಮ್ಮನ ಹಾಡುಗಳಿಗೆ ಸಿಂಕ್‌ಥಿಂಗ್, ಎರಡು ಸಾಧನಗಳ ಫೋಲ್ಡರ್‌ಗಳನ್ನು ಒಂದೇ ಥರ ಇಡುವ ಸಾಫ್ಟ್‌ವೇರ್. ಅದರ ಮೂಲ ಆಂಡ್ರಾಯ್ಡ್ ಆಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಬೇರೆಯವರು ಮುಂದುವರಿಸಿರುವ ಫೋರ್ಕ್ ಅವಳ ಫೋನಿನಲ್ಲಿದೆ. ಮನೆಯ ವೈಫೈ ಸಿಕ್ಕ ಕೂಡಲೇ ಹೊಸ ರೆಕಾರ್ಡಿಂಗ್ ತಾನಾಗಿಯೇ ಕೌಂಟರ್ 4ಕ್ಕೆ ಬರುತ್ತದೆ. ಆದರೆ ಇದನ್ನು ಬ್ಯಾಕಪ್ ಅಂದುಕೊಳ್ಳಬಾರದು. ಫೋನಿನಲ್ಲಿ ಅಳಿಸಿದರೆ ಸರ್ವರಿನಲ್ಲೂ ಅಳಿಸಿಹೋಗುತ್ತದೆ. ಅದಕ್ಕೇ ಅಳಿಸಿದ್ದನ್ನು ಕೆಲವು ದಿನ ಪಕ್ಕಕ್ಕೆ ತೆಗೆದಿಡುವ ಸೆಟ್ಟಿಂಗ್ ಹಾಕಿದ್ದೇನೆ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತ ಕೂತ ವಿಷಯ.

ಪೆಟ್ಟಿಗೆಗೆ ಎರಡು ಹೊರಗಿನ ಡಿಸ್ಕ್ ಹಾಕಿದ್ದೆ. ಎರಡೂ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಎರಡೂವರೆ ಇಂಚಿನವು. ಒಂದರಲ್ಲಿ ಫೋಟೋ, ಹಾಡು. ಇನ್ನೊಂದರಲ್ಲಿ ಅದರ ನಕಲು. ರಾತ್ರಿ ಎರಡು ಗಂಟೆಗೆ ಒಂದು ಸ್ಕ್ರಿಪ್ಟ್ ಎದ್ದು, ಆರ್‌ಸಿಂಕ್ ಅನ್ನುವ ನಕಲು ಕಮಾಂಡ್ ಮೂಲಕ ಮೊದಲ ಡಿಸ್ಕಿನಲ್ಲಿ ಹೊಸದಾಗಿ ಬಂದದ್ದನ್ನು ಎರಡನೆಯದಕ್ಕೆ ಹಾಕುತ್ತಿತ್ತು. ಬೂಟ್ ಆಗುವಾಗ ಡಿಸ್ಕ್ ಸಿಗದಿದ್ದರೆ ಡೆಬಿಯನ್ ಕಾಯುತ್ತಾ ನಿಂತುಬಿಡುತ್ತದೆ. ಪರದೆಯೇ ಇಲ್ಲದ ಸರ್ವರ್ ಹಾಗೆ ನಿಂತರೆ ಕಷ್ಟ ಅಂತ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎರಡೂ ಡಿಸ್ಕಿಗೆ ‘ನೋಫೇಲ್’ ಅಂತ ಬರೆದಿದ್ದೆ. ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ಮುಂದೆ ಹೋಗು ಅಂತ ಅದರ ಅರ್ಥ.

ಒಂದು ಸಂಜೆ ಕರೆಂಟ್ ಹೋಗಿ ಬಂತು. ಸರ್ವರ್ ತಾನೇ ಎದ್ದಿತು. ಎರಡನೇ ಡಿಸ್ಕ್ ಏಳಲಿಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಒಂದು ಖಾಲಿ ಫೋಲ್ಡರ್ ಮೇಲೆ ಕೂತು ಅದರ ಮೂಲಕ ತೆರೆದುಕೊಳ್ಳುತ್ತದೆ, ಇದಕ್ಕೆ ಮೌಂಟ್ ಅನ್ನುತ್ತಾರೆ. ಮೌಂಟ್ ಆಗಬೇಕಾದ ಜಾಗದಲ್ಲಿ ಬರೀ ಖಾಲಿ ಫೋಲ್ಡರ್ ಉಳಿಯಿತು. ಆ ಖಾಲಿ ಫೋಲ್ಡರ್ ಇರುವುದು ಒಳಗಿನ 256 ಜಿಬಿಯ ಎಸ್‌ಎಸ್‌ಡಿ ಮೇಲೆ. ರಾತ್ರಿ ಎರಡಕ್ಕೆ ಸ್ಕ್ರಿಪ್ಟ್ ಎದ್ದು ನೋಡಿತು, ಅಲ್ಲಿ ಏನೂ ಇಲ್ಲ. ಎಲ್ಲವನ್ನೂ ಮೊದಲಿನಿಂದ ನಕಲು ಮಾಡಲು ಶುರು ಮಾಡಿತು. ಬೆಳಿಗ್ಗೆ ಹೊತ್ತಿಗೆ ಎಸ್‌ಎಸ್‌ಡಿ ಪೂರ್ತಿ ತುಂಬಿ, ಇಮ್ಮಿಚ್‌ನ ಡೇಟಾಬೇಸ್ ಬರೆಯಲು ಜಾಗವಿಲ್ಲದೆ ನಿಂತಿತ್ತು.

ನಾನು ಮಾಡಿದ್ದೇನು? ಡಿಸ್ಕಿನ ಕೇಬಲ್ ಕಿತ್ತು ಮತ್ತೆ ಹಾಕಿ ಮೌಂಟ್ ಮಾಡಿದೆ. ಫೈಲುಗಳೆಲ್ಲ ಕಂಡವು. ಸದ್ಯ, ಸರಿಹೋಯ್ತು ಅಂದುಕೊಂಡೆ. ಆದರೆ ಎಸ್‌ಎಸ್‌ಡಿ ಮಾತ್ರ ನೂರಕ್ಕೆ ನೂರು ತುಂಬಿದೆ ಅಂತಲೇ ತೋರಿಸುತ್ತಿತ್ತು. ಲಾಗ್ ಅಳಿಸಿದೆ, ಡಾಕರ್‌ನ ಹಳೆ ಇಮೇಜ್ ಅಳಿಸಿದೆ. ಫೋಲ್ಡರ್‌ಗಳ ಲೆಕ್ಕ ಕೂಡಿಸಿದರೆ 30 ಜಿಬಿಯೂ ಇಲ್ಲ. ಮಿಕ್ಕಿದ್ದೆಲ್ಲಿ? ಮಧ್ಯಾಹ್ನದವರೆಗೂ ಹುಡುಕಿದೆ. ಕೊನೆಗೆ ಹೊಳೆಯಿತು. ಫೋಲ್ಡರ್ ಮೇಲೆ ಡಿಸ್ಕ್ ಮೌಂಟ್ ಮಾಡಿದಾಗ, ಮೊದಲೇ ಅದರೊಳಗಿದ್ದ ಫೈಲುಗಳು ಅಡಿಯಲ್ಲಿ ಮುಚ್ಚಿಹೋಗುತ್ತವೆ. ಅಳಿಯುವುದಿಲ್ಲ, ಕಾಣುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ಚಾಪೆ ಹಾಸಿದ ಮೇಲೆ ನೆಲದ ಮೇಲಿದ್ದದ್ದು ಕಾಣದ ಹಾಗೆ. ಡಿಸ್ಕನ್ನು ಅನ್‌ಮೌಂಟ್ ಮಾಡಿದೆ, ರಾತ್ರಿ ಬಂದ ಅಷ್ಟೂ ಫೈಲು ಅಲ್ಲೇ ಇದ್ದವು.

ಮೂರು ಕಡೆ ಸರಿಪಡಿಸಿದೆ. ಮೌಂಟ್ ಆಗುವ ಖಾಲಿ ಫೋಲ್ಡರಿಗೆ, ಡಿಸ್ಕ್ ಇಲ್ಲದಿರುವಾಗ, ಬದಲಾಯಿಸಲಾಗದ ಗುರುತು ಹಾಕಿದೆ. ಲಿನಕ್ಸ್‌ನಲ್ಲಿ ಅದಕ್ಕೆ ಚ್ಯಾಟರ್ ಅನ್ನುವ ಕಮಾಂಡ್ ಇದೆ, ‘ಪ್ಲಸ್ ಐ’ ಅಂತ ಕೊಟ್ಟರೆ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಅದರೊಳಗೆ ಒಂದು ಫೈಲ್ ಇಡಲಾಗುವುದಿಲ್ಲ. ಡಿಸ್ಕ್ ಮೌಂಟ್ ಆಗಲು ಅದು ಅಡ್ಡಿ ಮಾಡುವುದಿಲ್ಲ. ನನ್ನ ಕೇಳಿದರೆ ಪ್ರತಿ ಹೋಮ್ ಸರ್ವರಿನಲ್ಲೂ ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಒಂದು ಸಾಲಿನ ಕಮಾಂಡ್, ಅರ್ಧ ದಿನ ಉಳಿಯುತ್ತದೆ.

ಎರಡನೆಯದಾಗಿ, ನಕಲಿಗೆ ಆರ್‌ಸಿಂಕ್ ಬಿಟ್ಟು ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಹಿಡಿದೆ. ರೆಸ್ಟಿಕ್ ಮೊದಲೇ ತಯಾರು ಮಾಡಿಟ್ಟ ಭಂಡಾರ ಅಲ್ಲಿ ಕಾಣದಿದ್ದರೆ ತಪ್ಪು ಅಂತ ಹೇಳಿ ನಿಲ್ಲುತ್ತದೆ, ತಾನಾಗಿ ಹೊಸದನ್ನು ಶುರು ಮಾಡುವುದಿಲ್ಲ. ಹಳೆಯ ದಿನಗಳ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ, ಎನ್‌ಕ್ರಿಪ್ಟ್ ಕೂಡ ಮಾಡುತ್ತದೆ. ಸಿಂಕ್‌ಥಿಂಗ್ ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದಾರೆ. ಪ್ರತಿ ಫೋಲ್ಡರ್ ಒಳಗೂ ಅವರದೊಂದು ಗುರುತು ಇರುತ್ತದೆ. ಆ ಗುರುತು ಕಾಣದಿದ್ದರೆ ಡಿಸ್ಕ್ ಇಲ್ಲ ಅಂತ ತಿಳಿದು ಕೈಕಟ್ಟಿ ಕೂರುತ್ತದೆ. ಇಂಥ ಸಣ್ಣ ಎಚ್ಚರ ಕಂಡಾಗ, ಅದನ್ನು ಬರೆದವರ ಮೇಲೆ ನನಗೆ ತುಂಬ ಪ್ರೀತಿ ಬರುತ್ತದೆ.

ಮೂರನೆಯದು ಡಿಸ್ಕ್ ಏಳದಿದ್ದುದಕ್ಕೆ ಮೂಲ ಕಾರಣ. ಯುಎಸ್‌ಬಿ 3 ಕಿಂಡಿ ಕೊಡಬೇಕಾದ್ದು 900 ಮಿಲಿಆಂಪ್. ತಿರುಗಲು ಶುರು ಮಾಡುವ ಆ ಕ್ಷಣದಲ್ಲಿ ಇಂಥ ಡಿಸ್ಕ್ ಅದಕ್ಕಿಂತ ಜಾಸ್ತಿ ಕೇಳಬಹುದು. ಎರಡೂ ಒಟ್ಟಿಗೆ ಎದ್ದರೆ ಒಂದು ಸೋಲಬಹುದು. ಎರಡನೆಯದನ್ನು ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗೆ ಹಾಕಿದ ಮೇಲೆ ಇವತ್ತಿನವರೆಗೂ ತೊಂದರೆ ಕೊಟ್ಟಿಲ್ಲ.

ಕರೆಂಟಿನ ಮಾತು ಬಂತಲ್ಲ, ಬಯಾಸಿನಲ್ಲಿ ‘ಎಸಿ ರಿಕವರಿ’ ಅಂತ ಒಂದಿದೆ. ಅದನ್ನು ‘ಪವರ್ ಆನ್’ ಮಾಡಿಡಿ, ಕರೆಂಟ್ ಬಂದ ಕೂಡಲೇ ಪೆಟ್ಟಿಗೆ ತಾನೇ ಏಳುತ್ತದೆ. ಊರಿಗೆ ಹೋದಾಗ ಬಟನ್ ಒತ್ತಲು ಯಾರನ್ನೂ ಕಾಡಬೇಕಾಗಿಲ್ಲ.

ಹೊರಗಿನಿಂದ ಒಳಗೆ ಬರಲು, ನಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಹಾಕುವ ಟೇಲ್‌ಸ್ಕೇಲ್ ಬಳಸುತ್ತೇನೆ, ಅದರ ಅಡಿಯಲ್ಲಿರುವುದು ವೈರ್‌ಗಾರ್ಡ್ ಅನ್ನುವ ತಂತ್ರ. ನಮ್ಮ ಇಂಟರ್ನೆಟ್ ಕಂಪನಿ ಮನೆಗೆ ಬೇರೆಯದೇ ಆದ ಪಬ್ಲಿಕ್ ವಿಳಾಸ ಕೊಡುವುದಿಲ್ಲ, ಹಾಗಾಗಿ ರೂಟರಿನಲ್ಲಿ ಹೊರಗಿನಿಂದ ಬರುವ ಬಾಗಿಲು (ಪೋರ್ಟ್) ತೆರೆದು ಪ್ರಯೋಜನವಿಲ್ಲ. ತೆರೆಯುವ ಹಾಗಿದ್ದರೂ ನಾನು ತೆರೆಯುತ್ತಿರಲಿಲ್ಲ. ಅಕ್ಕ ತನ್ನ ಮನೆಯಿಂದಲೇ ಫೋಟೋ ನೋಡುತ್ತಾಳೆ. ಬ್ಯಾಕಪ್ಪಿನ ಇನ್ನೊಂದು ಪ್ರತಿ ಅವಳ ಮನೆಯ ಬೀರುವಿನಲ್ಲಿದೆ. ಹೋದಾಗಲೆಲ್ಲ ಡಿಸ್ಕ್ ಬದಲಾಯಿಸಿಕೊಂಡು ಬರುತ್ತೇನೆ.

ತಿಂಗಳ ಮೊದಲ ಭಾನುವಾರ ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ಹೋದ ಸಲ ಕೈಗೆ ಸಿಕ್ಕಿದ್ದು ಅಮ್ಮ 2019ರಲ್ಲಿ ಹಾಡಿದ್ದು. ಅವಳು ಪಕ್ಕದಲ್ಲೇ ಕೂತಿದ್ದಳು. ಪೂರ್ತಿ ಕೇಳಿ, ‘ಎರಡನೇ ಚರಣ ಎಳೆದುಬಿಟ್ಟಿದ್ದೀನಿ ನೋಡು’ ಅಂದಳು. ಫೋನ್ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕೌಂಟರ್ 4ರ ಫೋಲ್ಡರಿನಲ್ಲಿ ಆ ದಿನದ ತಾರೀಖಿನ ಹೊಸ ಫೈಲ್ ಬಂದಿತ್ತು, ಮೂರು ನಿಮಿಷದ್ದು.