ಸ್ಟೆಪ್ನಿ ಗುಂಡಿಯಲ್ಲಿ ಮೈಲುತುತ್ತು

ನಮ್ಮ ಕಾರಿನ ಖರ್ಚಿಗೆ ಬೇರೆ ಪುಸ್ತಕ ಇಟ್ಟಿಲ್ಲ. ಅಡಿಕೆ ಗೊನೆ ಇಳಿಸುವ ಕೊನೆಗಾರರ ಕೂಲಿ, ಗೊಬ್ಬರ, ಔಷಧಿ ಹೊಡೆಸಿದ ಲೆಕ್ಕ ಇರುವ ತೋಟದ ಪುಸ್ತಕದಲ್ಲಿಯೇ ಅದನ್ನೂ ಬರೆಯುತ್ತೇನೆ. ಮೊನ್ನೆ ಮಳೆ ಹೊರಗೆ ಕಾಲಿಡಲು ಬಿಡಲಿಲ್ಲ. ಜಗಲಿಯಲ್ಲಿ ಕುಳಿತು ಕೂಡಿಸಿ ನೋಡಿದೆ. 2021ರ ದೀಪಾವಳಿಯ ಹೊತ್ತಿಗೆ ಶಿವಮೊಗ್ಗದಲ್ಲಿ 1,05,000 ರೂಪಾಯಿ ಕೊಟ್ಟು ತಂದ 2008ರ ಸಣ್ಣ ಪೆಟ್ರೋಲ್ ಕಾರು ರಿಪೇರಿಗೆಂದೇ 81,350 ರೂಪಾಯಿ ನುಂಗಿದೆ. ಪೆಟ್ರೋಲು, ವಿಮೆ ಇದರಲ್ಲಿ ಸೇರಿಲ್ಲ. ಮೊತ್ತವನ್ನು ಮನೆಯವಳಿಗೆ ಇನ್ನೂ ಹೇಳಿಲ್ಲ.

ಕೊಳ್ಳುವ ದಿನ ಜೊತೆಗೆ ಭಾವ ಬಂದಿದ್ದರು. ಬಾನೆಟ್ ಎತ್ತಿಸಿದರು, ಆಯಿಲ್ ಕಡ್ಡಿ ಎಳೆದು ಮೂಗಿಗೆ ಹಿಡಿದರು, ಹೊಗೆಯ ಬಣ್ಣ ನೋಡಿದರು, ತಲೆಯಾಡಿಸಿದರು. ಮೀಟರಿನಲ್ಲಿ 61,000 ಕಿಲೋಮೀಟರ್ ಇತ್ತು. ಆ ಎಂಜಿನ್ ಇವತ್ತಿನವರೆಗೂ ಚಕಾರ ಎತ್ತಿಲ್ಲ ಎನ್ನಿ. ಆದರೆ ನಮ್ಮ ಕಡೆ ಕಾರಿಗೆ ವಯಸ್ಸಾಗುವುದು ಮಳೆಗಾಲದ ಲೆಕ್ಕದಲ್ಲಿ. ಇದು ಆಗಲೇ ಹದಿನಾಲ್ಕು ಮಳೆಗಾಲ ಕಂಡಿತ್ತು. ಕಾಲಡಿಯ ಮ್ಯಾಟ್ ಎತ್ತಿ ನೋಡೋಣ ಎಂಬ ಬುದ್ಧಿ ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೊದಲ ಆಷಾಢದಲ್ಲಿಯೇ ಎಡಬದಿಯ ಕಾಲಡಿ ನೀರು ನಿಲ್ಲತೊಡಗಿತು. ಪೇಟೆಯ ಒಂದು ಗ್ಯಾರೇಜಿನವರು ಮುಂದಿನ ಗಾಜಿನ ಬೀಡಿಂಗ್ ಹೋಗಿದೆ ಎಂದು 1,900 ರೂಪಾಯಿ ಪಡೆದು ಹೊಸದು ಹಾಕಿದರು. ನೀರು ಮೊದಲಿಗಿಂತ ಹೆಚ್ಚಾಯಿತು. ಕೊನೆಗೆ ಊರಿನ ಮೆಕ್ಯಾನಿಕ್ ಹುಡುಗ ವೈಪರ್ ಕೆಳಗಿನ ಜಾಲರಿ ಬಿಚ್ಚಿದ. ಒಳಗೆ ಹಲಸಿನ ಎಲೆ ಕೊಳೆತು ಹದವಾದ ಗೊಬ್ಬರವಾಗಿತ್ತು. ನೀರು ಇಳಿದುಹೋಗುವ ತೂತು ಮುಚ್ಚಿ, ತುಂಬಿದ ನೀರು ಗಾಳಿ ಬರುವ ದಾರಿಯಲ್ಲಿ ಒಳಗೆ ಸುರಿಯುತ್ತಿತ್ತು. ಕಾರು ನಿಲ್ಲಿಸುತ್ತಿದ್ದದ್ದು ಹಲಸಿನ ಮರದ ಬುಡದಲ್ಲಿ. ಹುಡುಗ ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದು ಹೋದ. ಬಾಗಿಲುಗಳ ತಳದಲ್ಲಿಯೂ ಇಂಥ ಸಣ್ಣ ತೂತುಗಳಿರುತ್ತವೆ. ವರ್ಷಕ್ಕೊಮ್ಮೆ ಕಡ್ಡಿ ಆಡಿಸದಿದ್ದರೆ ಬಾಗಿಲು ಒಳಗಿನಿಂದಲೇ ಹಪ್ಪಳವಾಗುತ್ತದೆ.

ಆ ವರ್ಷವೇ ಇನ್ನೊಂದು ಪಾಠವಾಯಿತು. ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಮಳೆಯಲ್ಲಿ ಬಿಟ್ಟಿದ್ದೆ. ಐದನೆಯ ದಿನ ಹಿಂದಿನ ಚಕ್ರ ತಿರುಗಲೇ ಇಲ್ಲ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು. ಶೂ, ಸೋರುತ್ತಿದ್ದ ವೀಲ್ ಸಿಲಿಂಡರ್, ಕೂಲಿ ಎಲ್ಲ ಸೇರಿ 2,150 ರೂಪಾಯಿ. ಈಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಕ್ಲಚ್ಚಿನದು ನನ್ನ ಜಿಪುಣತನದ ಕಥೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಪ್ಲೇಟಿನ ಜೊತೆ ಬೇರಿಂಗನ್ನೂ ಬದಲಾಯಿಸೋಣ ಎಂದು ಹುಡುಗ ಹೇಳಿದ್ದ. 650 ರೂಪಾಯಿ ಉಳಿಯಲಿ ಎಂದು ಬೇಡವೆಂದೆ. ನಾಲ್ಕೇ ತಿಂಗಳಲ್ಲಿ ಬೇರಿಂಗ್ ಕಿರುಚತೊಡಗಿತು. ಗೇರ್ ಬಾಕ್ಸ್ ಇಳಿಸುವ ಕೂಲಿ 1,800 ರೂಪಾಯಿಯನ್ನು ಎರಡು ಸಲ ಕೊಟ್ಟೆ. ಆಕ್ಸಲ್ ಕಥೆಯೂ ಹೀಗೆಯೇ. ಅದರ ಕೀಲು ಮುಚ್ಚುವ ರಬ್ಬರ್ ಬೂಟು ಹರಿದಾಗ 250 ರೂಪಾಯಿ ಸಾಕಿತ್ತು. ಮುಂದೂಡಿದೆ. ಕೆಸರು ಮರಳು ಒಳಗೆ ಹೋಗಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಟಕಟಕ ಶುರುವಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ 3,400 ರೂಪಾಯಿ ಕೊಟ್ಟು ಇಡೀ ಆಕ್ಸಲ್ ತರಬೇಕಾಯಿತು. ಟೈರು, ಬ್ಯಾಟರಿ ಯಾವ ಕಾರಿಗಾದರೂ ಇದ್ದದ್ದೇ, ಬಿಡಿ.

ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ನೋಂದಣಿಯ ಹದಿನೈದು ವರ್ಷ ಮುಗಿದು ಎಫ್‌ಸಿ, ಅಂದರೆ ಕಾರು ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಬೇಕಿತ್ತು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿದೆ, ಹಸಿರು ತೆರಿಗೆ ಬೇರೆ. ಅದಕ್ಕೂ ಮೊದಲು ತುಕ್ಕು ತೆಗೆಸೋಣವೆಂದು ಟಿಂಕರಿಂಗ್ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಡಿಕ್ಕಿಯ ಹಾಸು ಸರಿಸಿ ಸ್ಟೆಪ್ನಿ ಎತ್ತಿದರು. ಗುಂಡಿಯ ತಳದಲ್ಲಿ ನೀಲಿ ಹಸಿರು ಹಕ್ಕಳೆ, ಅದರ ಸುತ್ತ ಕೆಂಪು ಪುಡಿ. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರು. ಹಿಡಿಯವರೆಗೂ ಇಳಿಯಿತು. ತೂತಿನಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು.

“ಅಡಿಕೆ ಔಷಧಿ ಇದರಲ್ಲಿಯೇ ತರುತ್ತೀರಾ?” ಎಂದು ಕೇಳಿದರು.

ತರುತ್ತಿದ್ದೆ. ಎರಡು ವರ್ಷ ತೀರ್ಥಹಳ್ಳಿಯಿಂದ ಮೈಲುತುತ್ತಿನ, ಅಂದರೆ ಕಾಪರ್ ಸಲ್ಫೇಟಿನ, ಚೀಲ ಡಿಕ್ಕಿಯಲ್ಲಿಯೇ ಬಂದಿತ್ತು. ಚೀಲದ ಹೊಲಿಗೆಯಿಂದ ಉದುರಿದ ಹರಳು ಸ್ಟೆಪ್ನಿ ಗುಂಡಿಗೆ ಸೇರಿತ್ತು. ಬಾಗಿಲಿನ ರಬ್ಬರಿನಿಂದ ತೊಟ್ಟಿಕ್ಕಿದ ಮಳೆನೀರು ಅಲ್ಲಿಯೇ ಅದನ್ನು ಕರಗಿಸಿತ್ತು. ಅಡಿಕೆಯ ಕೊಳೆ ರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತು, ಒಂದು ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಕಲಸಿದ ಮೇಲೆ ನಾವು ಮಾಡುವ ಪರೀಕ್ಷೆ ಏನು? ಹೊಳೆಯುವ ಕತ್ತಿಯನ್ನು ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಮೂವತ್ತು ವರ್ಷ ಪ್ರತಿ ಮಳೆಗಾಲದಲ್ಲಿಯೂ ಕತ್ತಿ ಅದ್ದಿದವನು ನಾನು. ಕಬ್ಬಿಣದ ಪಾತ್ರೆಯಲ್ಲಿ ತುತ್ತು ಕರಗಿಸಬೇಡಿ ಎಂದು ಆಳುಗಳನ್ನು ಗದರಿದವನೂ ನಾನೇ. ಸುಣ್ಣದ ಸೋಂಕೂ ಇಲ್ಲದ ಬರಿಯ ತುತ್ತನ್ನು ತಗಡಿನ ಡಿಕ್ಕಿಯಲ್ಲಿಟ್ಟು ನೀರು ಕುಡಿಸಿದ್ದೆ.

ಹಿರಿಯರು ಗುಂಡಿಯ ತಳ ಕತ್ತರಿಸಿ ಹೊಸ ತಗಡು ಬೆಸೆದರು. ಮುಂದೆ ಕಾಲಡಿಯ ನೆಲಕ್ಕೂ ಎರಡು ತೇಪೆ ಬಿದ್ದವು. ಬಣ್ಣ, ಕಾರಿನ ತಳಕ್ಕೆ ಬಳಿಯುವ ಕಪ್ಪು ಲೇಪ ಎಲ್ಲ ಸೇರಿ 16,500 ರೂಪಾಯಿ. ಪುಸ್ತಕದಲ್ಲಿ ಅದನ್ನು ಕಾರಿನ ಬಾಬ್ತಿಗೆ ಬರೆಯಬೇಕೋ ಔಷಧಿಯ ಬಾಬ್ತಿಗೋ ಎಂದು ತುಸು ಹೊತ್ತು ಯೋಚಿಸಿದ್ದುಂಟು. ಈಗ ತುತ್ತು ಬಾಡಿಗೆ ಆಟೋದಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬರುತ್ತದೆ.

ಎಫ್‌ಸಿ ಆಯಿತು, 2028ರವರೆಗೆ ಚಿಂತೆಯಿಲ್ಲ. ಮಾರಿಬಿಡಿ ಎಂದು ಭಾವ ಹೇಳುತ್ತಾರೆ. ಮಾರಿದರೆ 60,000 ಬಂದೀತು, ಆದರೆ ಅದೇ ದುಡ್ಡಿಗೆ ನಾನು ತರುವ ಇನ್ನೊಂದು ಕಾರಿನ ತೇಪೆಗಳು ಎಲ್ಲಿವೆ ಎಂದು ನನಗೆ ಗೊತ್ತಿರುವುದಿಲ್ಲ. ಇದರವು ಗೊತ್ತು. ಸದ್ಯ ಎಡಗಡೆಯ ಮುಂದಿನ ಚಕ್ರದಿಂದ ಗುಂಡಿ ಇಳಿದಾಗ ಕಟಕ್ ಎಂಬ ಸದ್ದು ಬರುತ್ತಿದೆ. ಲೋವರ್ ಆರ್ಮ್ ಬುಷ್ ಇರಬಹುದು ಎಂದು ಹುಡುಗ ಹೇಳಿದ್ದಾನೆ, ಎರಡೂ ಬದಿಗೆ ಕೂಲಿ ಸೇರಿ 1,400 ರೂಪಾಯಿಯಂತೆ. ಈ ಸಲ ಮುಂದೂಡುವುದಿಲ್ಲ. ಮಳೆ ಒಂದು ಹೊಳವು ಕೊಟ್ಟರೆ ನಾಳೆಯೇ ಒಯ್ಯುತ್ತೇನೆ.